ಕಂಪನಿಗೆ ಹೋದ ಮಾತುಗಳು

ಥೂ! ಕೀಬೋರ್ಡನ್ನು ತಲೆಕೆಳಗು ಮಾಡಿ ತಟ್ಟಿದ್ದೇ ತಡ, ಬಿಸ್ಕತ್ತಿನ ಪುಡಿ, ಉಗುರಿನ ಚೂರು, ಬೆಕ್ಕಿನ ಕೂದಲು, ಜೊತೆಗೆ ಸತ್ತು ಒಣಗಿದ ಒಂದು ಜಿರಳೆ ಮೇಜಿನ ಮೇಲೆ ಉದುರಿದವು. 

ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ಗಲೀಜು ನನಗೆ ಹೊಸದಲ್ಲ. ಆದರೆ ಇವನಂಥ ಗಲೀಜು ಗಂಡಸನ್ನು ಎಲ್ಲೂ ಕಂಡಿಲ್ಲ. ಮಾಡುವುದು ಪುಸ್ತಕಗಳ ಕರಡು ತಿದ್ದುವ ಕೆಲಸ. ಪುಟದಲ್ಲಿ ಒಂದು ಅಲ್ಪವಿರಾಮ ತಪ್ಪಿದರೆ ಜೀವ ಹೋದ ಹಾಗೆ ಆಡುತ್ತಾನೆ. ಎದುರಿಗೇ ಇರುವ, ಬೂಷ್ಟು ಹಿಡಿದ ಲೋಟ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಎರಡು ತಿಂಗಳ ಹಿಂದೆ ಇಲ್ಲಿಗೆ ರಿಪೇರಿಗೆ ಬಂದು ಹೋದಾಗಿನಿಂದ ಇಂಥವನನ್ನು ನೆನೆಸಿಕೊಳ್ಳುತ್ತಿದ್ದೆನಲ್ಲ ಎಂದು ನನ್ನ ಮೇಲೇ ನನಗೆ ಅಸಹ್ಯವಾಯಿತು.

ಈ ಸಲ ನನ್ನನ್ನು ಕರೆಸಿದ್ದು ಅವನಲ್ಲ, ಅವನ ಅಕ್ಕ. "ಕಂಪ್ಯೂಟರ್ ತಾನಾಗೇ ಆಫ್ ಆಗುತ್ತೆ. ನನ್ನ ತಮ್ಮ ಅದರ ಮುಂದೆ ಮೂತಿ ಊದಿಸ್ಕೊಂಡು ಕೂತಿರ್ತಾನೆ. ಬಂದು ಎರಡರಲ್ಲಿ ಒಂದನ್ನಾದ್ರೂ ಸರಿ ಮಾಡಮ್ಮ," ಎಂದಿದ್ದರು ಫೋನಿನಲ್ಲಿ.

ಈಗಲೂ ಮೂತಿ ಊದಿಸಿಕೊಂಡೇ ನಿಂತಿದ್ದ. ನಾನು ಸ್ಕ್ರೂ ಬಿಚ್ಚುವುದನ್ನು ಓರೆಗಣ್ಣಿನಲ್ಲಿ ನೋಡುತ್ತಾನೆ, ತಿರುಗಿದರೆ ಕಿಟಕಿ ನೋಡುತ್ತಾನೆ. ಆ ರೆಪ್ಪೆಗಳು ಅಷ್ಟು ಉದ್ದ ಇರದಿದ್ದರೆ ನಾನು ಎಂದೋ ಬಚಾವಾಗುತ್ತಿದ್ದೆ.

ಕ್ಯಾಬಿನೆಟ್ಟಿನ ಮುಚ್ಚಳ ತೆಗೆದೆ. ಫ್ಯಾನಿನ ಸುತ್ತ ಧೂಳು, ಕೂದಲು ಸೇರಿ ಕಂಬಳಿಯಂತೆ ಹೆಣೆದುಕೊಂಡಿತ್ತು. ಗಾಳಿಯಾಡದೆ ಕಾದು ಕಾದು ಮಷೀನು ನಿಲ್ಲುತ್ತಿತ್ತು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡೆ.

"ಇಷ್ಟು ದಿನ ಏನ್ ಮಾಡ್ತಿದ್ರಿ? ಒಂದು ಫೋನ್ ಮಾಡೋಕೂ ಆಗ್ಲಿಲ್ವಾ?"

"ಮಾಡ್ಬೇಡಿ ಅಂದಿದ್ದು ನೀವೇ ಅಲ್ವಾ? ದಿನಾ ಹೇಳಿ ಕಳಿಸ್ದೆ. ಒಂದಕ್ಕಾದ್ರೂ ಉತ್ತರ ಕೊಟ್ರಾ?"

"ಯಾರ ಹತ್ರ ಹೇಳಿ ಕಳಿಸಿದ್ರಿ?"

ಅವನು ಕಪ್ಪಾಗಿದ್ದ ಸ್ಕ್ರೀನಿನತ್ತ ಬೆರಳು ತೋರಿಸಿದ. "ಇದ್ರಲ್ಲೇ. ಪ್ರೋಗ್ರಾಂ ನಿಂತಾಗ ಒಂದು ಬಾಕ್ಸ್ ಬರುತ್ತಲ್ಲ, ಏನಾಯ್ತು ಅಂತ ಬರೆದು ರಿಪೋರ್ಟ್ ಕಳಿಸಿ ಅಂತ. ಹೋದ ಸಲ ಬಂದಾಗ, ಎಲ್ಲದಕ್ಕೂ ಫೋನ್ ಮಾಡಿ ತಲೆ ತಿನ್ಬೇಡಿ, ಅದನ್ನ ಒತ್ತಿ ಸಾಕು ಅಂದ್ರಿ. ಒತ್ತಿದೆ."

ಬ್ರಷ್ಷು ಕೈಯಲ್ಲೇ ನಿಂತಿತು. "ಅಯ್ಯೋ ಪುಣ್ಯಾತ್ಮ! ಅದು ನನಗೆ ಬರಲ್ಲ ರೀ. ಪ್ರೋಗ್ರಾಂ ಮಾಡಿದ ಕಂಪನಿಗೆ ಹೋಗುತ್ತೆ!"

ಅವನ ಮುಖ ಬಿಳಿಚಿಕೊಂಡಿತು. ಆಮೇಲೆ ಕಿವಿಯವರೆಗೂ ಕೆಂಪೇರಿತು. "ಎಲ್ಲಾನೂ?"

"ಒಂದಕ್ಷರ ಬಿಡದೆ. ಏನ್ ಬರೆದಿದ್ರಿ?"

"ಮೊದಮೊದಲು ಕಂಪ್ಯೂಟರ್ ಬಗ್ಗೇನೇ. ಆಮೇಲೆ, ನಿಮಗೆ ನನ್ನ ಮೇಲೆ ಸಿಟ್ಟಾ ಅಂತ. ಆಮೇಲೆ..."

"ಕಂಪನಿಯವರಿಗೆಲ್ಲ ಗೊತ್ತಾಯ್ತಂತೆ, ಅವಳಿಗೂ ಹೇಳಿಬಿಡೋ!" ಪಕ್ಕದ ಕೋಣೆಯಿಂದ ಅಕ್ಕ ಕೂಗಿದರು.

ನಗು ಉಕ್ಕಿ ಬಂತು. ಆದರೆ ಮಷೀನಿನ ಒಳಗಿನ ಬೋರ್ಡಿನ ಮೇಲೆ ಕಣ್ಣು ಬಿದ್ದದ್ದೇ ಅದು ಅಲ್ಲೇ ಇಂಗಿಹೋಯಿತು. ಕರೆಂಟು ಹಿಡಿದಿಡುವ ಕೆಪಾಸಿಟರುಗಳು ಉಬ್ಬಿ ಒಡೆದು ಕಂದು ಅಂಟು ಸೋರಿತ್ತು. ಫ್ಯಾನು ಎಷ್ಟು ಒರೆಸಿದರೂ ಇದು ಬದುಕುವುದಿಲ್ಲ. ಇದು ಹೋದರೆ ಈ ಮನೆಗೆ ಬರಲು ನನಗೆ ಬೇರೆ ನೆಪವಿಲ್ಲ. ಏನೋ ತೇಪೆ ಹಾಕಿ, ಸುಳ್ಳು ಹೇಳಿ, ಇನ್ನೊಂದೆರಡು ಸಲ ಬರಬಹುದಿತ್ತು. ಅದು ಜಿರಳೆಗಿಂತ ಹೇಸಿಗೆ ಅನ್ನಿಸಿತು.

"ಇದು ಮುಗೀತು. ಗುಜರಿಗೆ ಹಾಕಿ," ಎಂದೆ. "ಹಾರ್ಡ್ ಡಿಸ್ಕ್ ಬಿಚ್ಚಿ ಕೊಡ್ತೀನಿ, ನಿಮ್ಮ ಕೆಲಸ ಎಲ್ಲ ಅದರಲ್ಲಿದೆ. ಹೊಸದನ್ನ ತಗೊಂಡ್ರೆ ಗ್ಯಾರಂಟಿ ಇರುತ್ತೆ, ರಿಪೇರಿಗೆ ಕಂಪನಿಯವರೇ ಬರ್ತಾರೆ."

"ನೀವು ಬರಲ್ವಾ?"

"ನನಗೇನು ಕೆಲಸ ಇಲ್ಲಿ?"

ಅವನು ಹತ್ತಿರ ಬಂದ. ಅಂಗಿಯ ತುಂಬ ಬೆಕ್ಕಿನ ಕೂದಲು, ಕಾಲರಿನ ಮೇಲೆ ಇಂಕಿನ ಕಲೆ. ಈ ಸಲ ಕಿಟಕಿ ನೋಡಲಿಲ್ಲ.

"ಬಯ್ಯೋಕಾದ್ರೂ ಬನ್ನಿ. ಅದನ್ನೇ ಬರೆದಿದ್ದು ನಾನು. ಕಂಪ್ಯೂಟರ್ ಕೆಟ್ರೂ ಬನ್ನಿ, ಸರಿಯಿದ್ರೂ ಬನ್ನಿ. ನನಗೆ ನೀವು ಬೇಕು."

 ಇಷ್ಟು ಗಲೀಜಿನ ನಡುವೆ ಇಷ್ಟು ಚೊಕ್ಕ ಮಾತು ಎಲ್ಲಿತ್ತೋ! ಅವನು ನನ್ನ ಕೈ ಹಿಡಿಯಲು ಬಂದ.

"ಮುಟ್ಟಬೇಡ!" ಎಂದು ಕಿರುಚಿದೆ. ಬಹುವಚನ ಯಾವಾಗ ಬಿಟ್ಟುಹೋಯಿತೋ ನನಗೇ ತಿಳಿಯಲಿಲ್ಲ. "ಮೊದಲು ಸೋಪು ಹಾಕಿ ಕೈ ತೊಳ್ಕೊಂಡು ಬಾ. ಉಗುರಿನ ಸಂದಿನೂ ಉಜ್ಜು."

ಅವನು ಓಡಿದ. ಬಚ್ಚಲಿನ ನಲ್ಲಿ ಬಹಳ ಹೊತ್ತು ಸುರಿಯಿತು. ನಾನು ನನ್ನ ಕೈಯನ್ನೂ ನೋಡಿಕೊಂಡೆ. ಮೊಣಕೈವರೆಗೆ ಮಸಿ. ಎದ್ದು ಹೋಗಿ ಅವನ ಪಕ್ಕದಲ್ಲಿ ನಿಂತು, ಅದೇ ನೀರಿಗೆ ಕೈ ಒಡ್ಡಿದೆ.