ಗಾಡಿಗೆ ನಾಲ್ಕು ನಿಮಿಷ

ಓಡಿಸಲು ಯೋಗ್ಯವಲ್ಲದ ಕಾರಿಗೆ ಯೋಗ್ಯವೆಂದು ಸಹಿ ಬಿದ್ದಿತ್ತು. ಸಹಿ ಬಿದ್ದ ನಲವತ್ತೊಂದನೆಯ ದಿನ ಸೇತುವೆಯ ಇಳಿಜಾರಿನಲ್ಲಿ ಅದರ ಬ್ರೇಕ್ ಹಿಡಿಯಲಿಲ್ಲ. ಮುಂದಿನ ಸೀಟಿನಲ್ಲಿ ಕುಳಿತಿದ್ದ ನಿವೃತ್ತ ಬಸ್ ಚಾಲಕರ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆಯಲಾಯಿತು.

ದೂರು ಠಾಣೆಗೆ ಬಂದದ್ದು ಹದಿನಾಲ್ಕನೇ ತಾರೀಕು, ಮಂಗಳವಾರ, ಬೆಳಗ್ಗೆ 10.40ಕ್ಕೆ. ತಂದವಳು ಚಾಲಕರ ಮಗಳು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುವ ನರ್ಸ್. ಅಂದು ಕಾರು ಓಡಿಸುತ್ತಿದ್ದವಳೂ ಅವಳೇ. ಹಣೆಯ ಮೇಲೆ ನಾಲ್ಕು ಹೊಲಿಗೆಗಳಿದ್ದವು.

ಬರೆದುಕೊಳ್ಳಲು ಕುಳಿತ ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ಟ್ಯಾಕ್ಸಿ ದಫೇದಾರ ಎಂದೇ ಹೆಸರು. ಪೊಲೀಸ್ ಸೇರುವ ಮೊದಲು ಐದು ವರ್ಷ ಟ್ಯಾಕ್ಸಿ ಓಡಿಸಿದ್ದ. ಸೇರಿ ಇಪ್ಪತ್ತಾರು ವರ್ಷವಾದರೂ ಆ ಹೆಸರು ಅವನ ಬೆನ್ನು ಬಿಟ್ಟಿರಲಿಲ್ಲ.

"ಕೊಳ್ಳೋ ಮುಂಚೆ ಗಾಡಿ ನೋಡಿದ್ರೇನಮ್ಮ?"

"ಅಪ್ಪ ನೋಡಿದ್ರು. ಟೈರು ಒತ್ತಿ ನೋಡಿದ್ರು, ಎಂಜಿನ್ ಸದ್ದು ಕೇಳಿದ್ರು. ಆಮೇಲೆ ಇದನ್ನ ಕೇಳಿ ಇಸ್ಕೊಂಡ್ರು." ಅವಳು ಕಾರಿನ ತಪಾಸಣೆ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಸಹಿ ನೋಡಿದ ಕೂಡಲೇ ಮುಖ ಅರಳ್ತು. ಈ ಮನುಷ್ಯ ಪಾಸ್ ಮಾಡಿದ ಗಾಡೀನ ಕಣ್ಮುಚ್ಕೊಂಡು ತಗೋ ಮಗಳೇ ಅಂದ್ರು."

"ಈಗ ಹೇಗಿದಾರೆ?"

"ಗೋಡೆ ಕಡೆ ತಿರುಗಿ ಮಲಗಿದಾರೆ. ಕಾಲಿನ ಮಾತೇ ಎತ್ತಲ್ಲ. ಆ ಸಹಿ ಕಳ್ಳಸಹಿ ತಾನೇ ಅಂತ ಅದೊಂದನ್ನೇ ಕೇಳ್ತಾರೆ. ನಾನೇನ್ ಹೇಳ್ಲಿ?"

ದಫೇದಾರ ಕೊನೆಯ ಪುಟ ತೆರೆದ. ಅವನ ಪೆನ್ನು ನಿಂತಿತು. ಆ ಸಹಿ ಅವನಿಗೂ ಗೊತ್ತಿತ್ತು.

ವಾಹನ ತಪಾಸಕ ಸುತ್ತಿಗೆ ಸಾಹೇಬರದು. ಅವನು ಟ್ಯಾಕ್ಸಿ ಓಡಿಸುತ್ತಿದ್ದ ಕಾಲದಲ್ಲಿ ತಪಾಸಣೆ ಅಂಗಳದಲ್ಲಿ ಬೆಳಗ್ಗೆಯೇ ಟ್ಯಾಕ್ಸಿಗಳು ಸಾಲುಗಟ್ಟುತ್ತಿದ್ದವು. ಅಂಗಳದ ನಡುವೆ ಆಳೆತ್ತರದ ಗುಂಡಿ, ಅದರ ಮೇಲೆ ಗಾಡಿ. ನೀಲಿ ಕೋಟಿನ ತೆಳ್ಳನೆಯ ಮನುಷ್ಯ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಗೇಣುದ್ದದ ಸುತ್ತಿಗೆ ಹಿಡಿದು ಕೆಳಗಿಳಿಯುತ್ತಿದ್ದರು. ಗಾಡಿಯಡಿಯ ಕಬ್ಬಿಣದ ಚೌಕಟ್ಟು, ಚಾಸಿಯ ಉದ್ದಕ್ಕೂ ಟಣ್ ಟಣ್ ಎಂದು ತಟ್ಟುತ್ತ, ತಲೆ ಓರೆ ಮಾಡಿ ಕೇಳುತ್ತ ಹೋಗುವರು. ತುಕ್ಕು ತಿಂದ ಕಡೆ ಸದ್ದು ಮಂಕಾಗುತ್ತಿತ್ತು. ಮೇಲೆ ನಿಂತ ಚಾಲಕರು ಉಸಿರು ಬಿಗಿಹಿಡಿಯುತ್ತಿದ್ದರು. ಇವರು ಕಲ್ಲಂಗಡಿ ಕೊಳ್ಳೋಕೆ ಹೋದ್ರೂ ಸುತ್ತಿಗೆ ತಗೊಂಡೇ ಹೋಗ್ತಾರೆ ಎಂದು ಬೆನ್ನ ಹಿಂದೆ ನಗುತ್ತಿದ್ದರು. ಒಮ್ಮೆ ಬ್ರೇಕ್ ಪೈಪು ಸರಿಯಿಲ್ಲವೆಂದು ದಫೇದಾರನ ಟ್ಯಾಕ್ಸಿಯನ್ನು ಅಲ್ಲೇ ನಿಲ್ಲಿಸಿಬಿಟ್ಟಿದ್ದರು. ಅವನು ಮನೆಯವರೆಗೂ ಅವರಿಗೆ ಶಾಪ ಹಾಕುತ್ತ ನಡೆದಿದ್ದ. ಮರುದಿನ ಬಿಚ್ಚಿದ ಪೈಪು ಬೆರಳ ನಡುವೆ ಹಪ್ಪಳದಂತೆ ಪುಡಿಯಾದಾಗ ಬಾಯಿ ಮುಚ್ಚಿಕೊಂಡಿದ್ದ.

ಕಳ್ಳಸಹಿಯೇ ಆಗಿರಲಿ ಎಂದುಕೊಂಡ.

11.15ಕ್ಕೆ ಎಫ್‌ಐಆರ್ ದಾಖಲಾಯಿತು. ಮೊದಲ ಆರೋಪಿ ಕಾರು ಮಾರಿದ ದಲ್ಲಾಳಿ. ಮಧ್ಯಾಹ್ನ 1.30ಕ್ಕೆ ಠಾಣೆಯ ಹಿಂಬದಿ ಅಂಗಳಕ್ಕೆ ಎಳೆದು ತಂದಿದ್ದ ಕಾರಿನ ಪಂಚನಾಮೆ. ಇನ್‌ಸ್ಪೆಕ್ಟರ್ ಮೇಡಂ ನೆರಳಿಗೂ ಹೋಗದೆ ನಿಂತಿದ್ದರು. ಮೆಕ್ಯಾನಿಕ್ ಕಾರಿನಡಿ ನುಸುಳಿ ಸ್ಕ್ರೂಡ್ರೈವರ್ ಒತ್ತಿದ. ಅದು ಹಿಡಿಯವರೆಗೂ ಚಾಸಿಯೊಳಕ್ಕೆ ಇಳಿಯಿತು.

"ಇಲ್ಲಿ ಕಬ್ಬಿಣ ಎಲ್ಲಿದೆ ಮೇಡಂ? ಬರೀ ಪುಟ್ಟಿ ಮೆತ್ತಿ ಕರಿ ಬಣ್ಣ ಹೊಡೆದಿದಾರೆ."

"ಬ್ರೇಕ್ ಪೈಪು?"

"ತುಕ್ಕು ತಿಂದು ಒಡೆದಿದೆ. ಇದು ಒಂದೆರಡು ತಿಂಗಳ ತುಕ್ಕಲ್ಲ. ನಾಲ್ಕು ವರ್ಷದ್ದಾದ್ರೂ ಇರಬೇಕು."

ದಫೇದಾರ ಪಂಚರ ಸಮಕ್ಷಮ ಹಾಗೆಯೇ ಬರೆದ. ಸಂಜೆ ದಲ್ಲಾಳಿಯ ವಿಚಾರಣೆ ಹತ್ತು ನಿಮಿಷವೂ ಹಿಡಿಯಲಿಲ್ಲ.

"ಬಣ್ಣ ಹೊಡೆದದ್ದು ಯಾರು?"

"ನಾನೇ."

"ಯಾಕೆ?"

"ಹಳೇ ಗಾಡಿ ಮೇಡಂ, ಸ್ವಲ್ಪ ಮುಖ ತೊಳೆದು ನಿಲ್ಲಿಸ್ತೀವಿ. ಬಣ್ಣ ಹೊಡೆದವನು ನಾನು. ಯೋಗ್ಯ ಅಂದವನು ನಾನಲ್ಲ."

ಅವನನ್ನು ಒಳಗೆ ಹಾಕಿದರು. ಆದರೆ ಅವನ ಕೊನೆಯ ಮಾತು ಮೇಜಿನ ಮೇಲೆಯೇ ಉಳಿಯಿತು.

"ದಫೇದಾರ್ರೇ, ಸಹಿ ಅಸಲಿಯೋ ನಕಲಿಯೋ ನೀವೇ ನೋಡಿ. ಆ ಜಾಗ ನಿಮಗೆ ಗೊತ್ತಲ್ಲ," ಎಂದರು ಮೇಡಂ.

ಹದಿನೈದು, ಬುಧವಾರ, 10.20. ತಪಾಸಣೆ ಅಂಗಳ ದಫೇದಾರನಿಗೆ ಗುರುತು ಸಿಗಲಿಲ್ಲ. ಗುಂಡಿ ಇದ್ದ ಕಡೆ ನುಣ್ಣನೆಯ ಕಾಂಕ್ರೀಟು, ಅದರ ಮೇಲೆ ತಗಡಿನ ನೆರಳು, ನೆರಳಿನಲ್ಲಿ ತಪಾಸಣೆ ಕಚೇರಿಯ ಮುಖ್ಯಾಧಿಕಾರಿಗಳ ಕಾರು.

"ಗುಂಡಿ ಏನಾಯ್ತು?"

"ಮುಚ್ಚಿ ನಾಲ್ಕು ವರ್ಷ ಆಯ್ತು ಸಾರ್," ಎಂದ ಗುಮಾಸ್ತ. "ದೊಡ್ಡ ಸಾಹೇಬ್ರ ಕಾರಿಗೆ ಬಿಸಿಲು ಬೀಳ್ತಿತ್ತಂತೆ."

"ಮತ್ತೆ ಗಾಡಿಯ ಅಡಿಭಾಗ ಹೇಗೆ ನೋಡ್ತಾರೆ?"

ಗುಮಾಸ್ತ ಅವನನ್ನೇ ಒಂದು ಗಳಿಗೆ ನೋಡಿದ. "ನೋಡ್ತಾರೆ ಅಂತ ಯಾರು ಹೇಳಿದ್ರು?"

ರಿಜಿಸ್ಟರ್ ಬಂತು. ಆ ಕಾರಿಗೆ ಸಹಿ ಬಿದ್ದ ದಿನ ತಪಾಸಣೆಯಾದ ವಾಹನಗಳು ಎಪ್ಪತ್ತನಾಲ್ಕು, ತಪಾಸಕ ಒಬ್ಬರೇ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕು, ನಡುವೆ ಒಂದು ಗಂಟೆ ಊಟಕ್ಕೆ. ದಫೇದಾರ ರಟ್ಟಿನ ಮೇಲೆ ಲೆಕ್ಕ ಹಾಕಿದ: ಗಾಡಿಗೆ ನಾಲ್ಕು ನಿಮಿಷ. ಎಪ್ಪತ್ತನಾಲ್ಕು ಸಹಿಗಳೂ ಒಂದೇ ಕೈಯವು. ಅಸಲಿ.

ರಿಜಿಸ್ಟರಿನ ಹಿಂದಿನ ಕಡತದಲ್ಲಿ ಮುಖ್ಯಾಧಿಕಾರಿಯ ಸುತ್ತೋಲೆಯಿತ್ತು: ದಿನಕ್ಕೆ ಎಪ್ಪತ್ತಕ್ಕೆ ಕಡಿಮೆಯಾಗಕೂಡದು, ವಾಹನ ತಿರಸ್ಕರಿಸಿದರೆ ಲಿಖಿತ ವಿವರಣೆ ಕೊಡತಕ್ಕದ್ದು. ಅದರ ಕೆಳಗೆ ಸುತ್ತಿಗೆ ಸಾಹೇಬರ ಮೂರು ಪತ್ರಗಳು. ಗುಂಡಿಯಿಲ್ಲದೆ ಚಾಸಿ ನೋಡಲಾಗುವುದಿಲ್ಲ, ದಯವಿಟ್ಟು ತೆರೆಸಿಕೊಡಿ. ಮೂರರ ಅಂಚಿನಲ್ಲೂ ಹಸಿರು ಶಾಯಿಯ ಒಂದೇ ಪದ: 'ಕಡತಕ್ಕೆ'. ಎಲ್ಲವನ್ನೂ ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡ.

ಸಂಜೆ 5ಕ್ಕೆ ಆಸ್ಪತ್ರೆ. ಚಾಲಕರು ಗೋಡೆ ಬಿಟ್ಟು ಈ ಕಡೆ ತಿರುಗಿದರು.

"ಕಳ್ಳಸಹೀನಾ?"

"ಅಲ್ಲ ಅಣ್ಣ. ಅವರದೇ."

ಚಾಲಕರು ಪುಸ್ತಕ ಕೇಳಿ ತೆಗೆದುಕೊಂಡು ಹಳೆಯ ಪುಟಗಳನ್ನು ತಿರುವಿದರು. ಹತ್ತೊಂಬತ್ತು ವರ್ಷದ ಕಾರು, ಹತ್ತೊಂಬತ್ತು ಪುಟ. ಮೊದಲ ಹದಿನೈದರಲ್ಲಿ ಇರುವೆ ಸಾಲಿನಂಥ ಅಕ್ಷರ. 'ಎಡ ಹಿಂಬದಿ ಸದ್ದು ಮಂದ. ಬೆಸುಗೆ ಹಾಕಿಸಿ ತನ್ನಿ.' 'ಸ್ಟೇರಿಂಗ್ ಎರಡು ಬೆರಳು ಸಡಿಲ. ಸರಿಪಡಿಸಿ ತನ್ನಿ.' ಕೊನೆಯ ನಾಲ್ಕು ಪುಟಗಳಲ್ಲಿ ಬರೀ ಮುದ್ರೆ ಮತ್ತು ಸಹಿ.

"ನನ್ನ ಬಸ್ಸನ್ನ ಮೂರು ಸಲ ವಾಪಸ್ ಕಳಿಸಿದ್ದ ಪುಣ್ಯಾತ್ಮ," ಎಂದರು. "ಈ ನಾಲ್ಕು ಪುಟ ನಾನು ನೋಡಿದ್ದೆ ತಮ್ಮ. ಒಂದು ತಪ್ಪೂ ಬರೆದಿಲ್ಲವಲ್ಲ, ಗಾಡಿ ಅಷ್ಟು ಚೆನ್ನಾಗಿರಬೇಕು ಅಂದ್ಕೊಂಡೆ. ಆ ಕೈ ಸುಮ್ಮನಿರೋ ಕೈಯಲ್ಲ ಅಂತ ನನಗೆ ಹೊಳೀಲೇ ಇಲ್ಲ."

ನರ್ಸ್ ಹೊದಿಕೆ ಸರಿಮಾಡಿದಳು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿ ಮಲಗಿತ್ತು.

ಹದಿನಾರು, ಗುರುವಾರ, ಬೆಳಗ್ಗೆ 9.05. ಸುತ್ತಿಗೆ ಸಾಹೇಬರು ನಿವೃತ್ತರಾಗಿ ಇನ್ನೂ ತಿಂಗಳು ಕಳೆದಿರಲಿಲ್ಲ. ಎರಡು ಕೋಣೆಯ ಮನೆ. ಬಾಗಿಲ ಹಿಂದೆ ಮೊಳೆಗೆ ನೀಲಿ ಕೋಟು, ಅದರ ಜೇಬಿನಲ್ಲಿ ಸುತ್ತಿಗೆ. ಅವರು ಗೋಡೆ ಹಿಡಿದು ನಡೆದು ಬಂದರು.

"ನೀನು ಹಸಿರು ಟ್ಯಾಕ್ಸಿಯವನಲ್ವಾ? ಬ್ರೇಕ್ ಪೈಪು?"

"ಹೌದು ಸಾಹೇಬ್ರೇ."

"ಹಾಕಿಸ್ದೆಯಾ?"

"ಮರುದಿನವೇ."

ಮುದುಕರ ಮುಖದಲ್ಲಿ ಕ್ಷಣ ಮಾತ್ರ ಹಳೆಯ ಅಂಗಳದ ಬಿಸಿಲು ಸುಳಿಯಿತು. ಮೇಡಂ ತಪಾಸಣೆ ಪುಸ್ತಕ ಮುಂದಿಟ್ಟರು.

"ಈ ಸಹಿ?"

"ನನ್ನದೇ."

"ಗಾಡಿ ನೋಡಿದ್ರಾ?"

"ಇಲ್ಲ."

"ಯಾಕೆ?"

"ಗುಂಡಿ ಮುಚ್ಚಿದ ಮೇಲೆ ಒಂದು ತಿಂಗಳು ನೆಲದ ಮೇಲೆ ಮಲಗಿಯೇ ನೋಡ್ತಿದ್ದೆ. ದಿನಕ್ಕೆ ಹದಿನೆಂಟು ಗಾಡಿ ಆಗ್ತಿತ್ತು. ಕೆಲಸಗಳ್ಳ ಅಂತ ನೋಟಿಸ್ ಕೊಟ್ಟರು. ಮೂರು ಸಲ ಬರೆದೆ. ಎದುರಿಗೆ ನಿಲ್ಲಿಸಿ ಬೈದಿದ್ರೆ ಜಗಳವಾದ್ರೂ ಆಡ್ತಿದ್ದೆ. ಆ ಪತ್ರಗಳಿಗೆ ಯಾರೂ ಏನೂ ಅನ್ನಲೇ ಇಲ್ಲ. ಒಂದು ದಿನ ಒಂದು ಗಾಡಿಗೆ ನೋಡದೆ ಸಹಿ ಹಾಕಿದೆ. ಏನೂ ಆಗಲಿಲ್ಲ. ಆಮೇಲೆ ಕೈಗೆ ಅದೇ ರೂಢಿ ಆಯ್ತು." ಅವರು ಪುಸ್ತಕ ಮುಚ್ಚಿದರು. "ಯಾರಿಗೆ ಏನಾಗಿದೆ?"

ದಫೇದಾರ ಹೇಳಿದ. ಅವರು ಯಾರ ಕಾಲು ಎಂದು ಕೇಳಿದರು, ಯಾವ ಬಸ್ಸಿನವರು ಎಂದು ಕೇಳಿದರು. ಹೊರಡುವಾಗ ಹೆಂಡತಿ ಕೋಟು ತಂದುಕೊಟ್ಟರು. ಬೇಡವೆಂದರು. 9.40ಕ್ಕೆ ಬಂಧನ.

ಮಧ್ಯಾಹ್ನ 2.10ಕ್ಕೆ ಮೇಡಂ ಮೇಜಿನ ಫೋನು ಹೊಡೆದುಕೊಂಡಿತು. ಅವರು ಎದ್ದು ನಿಂತು ಮಾತಾಡಿದರು. ಬರೀ 'ಸಾರ್' ಎಂಬ ಪದ ಏಳೆಂಟು ಸಲ ಕೇಳಿತು. 3ಕ್ಕೆ ಪೊಲೀಸ್ ಮೇಲಧಿಕಾರಿಗಳೇ ಠಾಣೆಗೆ ಬಂದರು. ಕೈಯಲ್ಲಿ ಟೈಪ್ ಮಾಡಿದ ಒಂದು ಹಾಳೆ, ಸುತ್ತಿಗೆ ಸಾಹೇಬರ ಹೆಸರಿನ ಹೇಳಿಕೆ. ವಯಸ್ಸಿನ ದಣಿವಿನಿಂದ, ಸ್ವಂತ ಉದಾಸೀನದಿಂದ, ಯಾರ ಒತ್ತಡವೂ ಇಲ್ಲದೆ, ಗಾಡಿ ನೋಡದೆ ಸಹಿ ಹಾಕಿದ್ದೇನೆ. ಸುತ್ತೋಲೆಯ ಮಾತಿಲ್ಲ. ಮೂರು ಪತ್ರಗಳ ಮಾತಿಲ್ಲ. ಕಾಂಕ್ರೀಟಿನಡಿ ಹೂತದ್ದನ್ನು ಕಾಗದದಡಿಯೂ ಹೂಳುವ ಏರ್ಪಾಡು.

"ಸಹಿ ಹಾಕಿಬಿಡಿ ಹಿರಿಯರೇ," ಎಂದರು ಮೇಲಧಿಕಾರಿ, ಕುರ್ಚಿಯಲ್ಲಿ ಕೂರದೆ. "ನಾಲ್ಕು ನಿಮಿಷದ ಕೆಲಸ. ನಿಮಗೂ ಆರಾಮು, ನಮಗೂ ಆರಾಮು."

ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು. ಮುದುಕರು ಜೇಬು ತಡವಿಕೊಂಡರು. ಕನ್ನಡಕ ಮನೆಯಲ್ಲೇ ಉಳಿದಿತ್ತು. ದಫೇದಾರ ತನ್ನ ಕನ್ನಡಕ ತೆಗೆದುಕೊಟ್ಟ. ಕೋಣೆ ಮಬ್ಬಾಗಿದ್ದುದರಿಂದ ಸೊಂಟದ ಟಾರ್ಚನ್ನೂ ಬಿಚ್ಚಿ ಮೇಜಿನ ಮೇಲಿಟ್ಟ.

ಅವರು ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಬೆರಳಿನ ಗೆಣ್ಣಿನಿಂದ ಸಾಲುಸಾಲನ್ನೂ ಮೆಲ್ಲಗೆ ತಟ್ಟುತ್ತ, ತಲೆ ಓರೆ ಮಾಡಿಕೊಂಡು. ಮೇಲಧಿಕಾರಿ ಗಡಿಯಾರ ನೋಡಿದರು.

"ಎಷ್ಟು ಹೊತ್ತು? ಹಾಕಿ ಅಂದ್ನಲ್ಲ."

ಮುದುಕರು ಪೆನ್ನು ತೆಗೆದುಕೊಂಡು ಹಾಳೆಯ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದರು: 'ಗುಂಡಿ ಮುಚ್ಚಿದವರ ಹೆಸರಿಲ್ಲ. ಸರಿಪಡಿಸಿ ತನ್ನಿ.'

ಸಹಿ ಹಾಕದೆ ಹಾಳೆಯನ್ನು ವಾಪಸ್ ತಳ್ಳಿದರು.