ಎಂಬತ್ತು ನಿಮಿಷದಲ್ಲಿ ಹಿಡಿಯದ ಮಗಳು

"ಖಾಲಿ ಡಿಸ್ಕ್ ಯಾಕ ಕಳಸಿದ್ರಿ?"

ಬೀದರ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಡಿಸ್ಕಿಗೆ ಹಾಡು ತುಂಬಿ ಕೊಡುವ ಅಶ್ವಜಿತ ತಲೆ ಎತ್ತಿದ. ಹೆಂಡತಿ ಕರುಣಾ ಎದುರಿಗೆ ನಿಂತಿದ್ದಳು. ಸೊರಗಿದ್ದಳು. ಕೈಯಲ್ಲಿ ಅವನೇ ಕಳಿಸಿದ ಡಿಸ್ಕ್.

ಹಾಲುಗಲ್ಲದ ಮಗಳು ಮಹಾಮಾಯಾ ಜ್ವರದಲ್ಲಿ ಹೋದ ಮೇಲೆ ಕರುಣಾ ಎಕಂಬಾದ ತವರು ಸೇರಿದ್ದಳು. ಮಣ್ಣು ಕೊಡುವಾಗಲೂ ಗಂಡ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅಂಗಡಿಯಲ್ಲೇ ತೊಟ್ಟಿಲು ಕಟ್ಟಿ, ಮೈಕ್ ಹಿಡಿದು, ಮಗಳ ದನಿಯನ್ನು ಕಂಪ್ಯೂಟರಿಗೆ ತುಂಬಿಕೊಳ್ಳುತ್ತಿದ್ದವನು ಇವನೇನಾ...?

ಕಡೆಗೆ ತಡೆಯಲಾರದೆ ತಮ್ಮ ಕೈಲಾಶನನ್ನು ಕಳಿಸಿದ್ದಳು, ಆ ದನಿಯಾದರೂ ಕೊಡಲಿ ಅಂತ.

"ಅಪ್ಪ ಹಿಂದ ಭಾಲ್ಕಿಯಿಂದ ತಂದಿದ್ದ ಪ್ಲೇಯರಿಗೆ ತಾನೇ ಡಿಸ್ಕ್ ಹಾಕಿದ. ಮನಿ ಮಂದಿಯೆಲ್ಲ ಸುತ್ತ ಕುಂತಿದ್ವಿ. ಒಂದು ಸಪ್ಪಳ ಇಲ್ಲ. ಕೂಸಿನ ದನಿನೂ ಅಳಸಿಬಿಟ್ರೇನು? ನಿಮಗ ಕರುಳಿಲ್ಲ."

ಪಕ್ಕದ ಗಡಿಯಾರ ರಿಪೇರಿಯ ಅಬ್ದುಲ ಖಾದರ ಇಣುಕಿದ. "ಬೈರಿ ಭಾಭಿ. ನಾ ದಿನಾ ಬೈತೇನಿ, ಅವಗ ನಾಟಂಗಿಲ್ಲ. ಉಣ್ಣು ಅಂದ್ರ ಉಣ್ಣಂಗಿಲ್ಲ."

ಅಶ್ವಜಿತ ಅವಳ ಕೈಯಿಂದ ಡಿಸ್ಕ್ ತೆಗೆದುಕೊಂಡು ಕಂಪ್ಯೂಟರಿಗೆ ಹಾಕಿದ.

ಮಗಳು ನಕ್ಕಳು. ಬಿಕ್ಕಳಿಸಿದಳು. ಮತ್ತೆ ನಕ್ಕಳು...

ಕರುಣಾ ಸ್ಟೂಲು ಎಳೆದುಕೊಂಡು ಕೂತಳು.

"ಖಾಲಿ ಇಲ್ಲ ಕರುಣಾ. ನಿಮ್ಮಪ್ಪನ ಪ್ಲೇಯರ್ ಹಳೀದು, ಎಂಪಿ ತ್ರೀ ಓದಂಗಿಲ್ಲ. ನನ್ನ ತಲ್ಯಾಗ ಬರಲಿಲ್ಲ."

"ದಿನಾ ಇದೇ ಕೆಲಸ ಮಾಡಾವರಿಗಿ ಬರಲಿಲ್ಲೇನು? ಅದು ಓದೋ ಡಿಸ್ಕ್ ಮಾಡಬೇಕಿತ್ತು."

"ಅದು ಓದೋ ಆಡಿಯೋ ಡಿಸ್ಕಿನ್ಯಾಗ ಎಂಬತ್ತು ನಿಮಿಷ ಅಷ್ಟೇ ಹಿಡೀತದ. ಎಂಪಿ ತ್ರೀ ದನೀನ ಒತ್ತಿ ಸಣ್ಣ ಮಾಡ್ತದ, ಒಂದರಾಗೇ ಹತ್ತು ತಾಸಿಂದು ಕೂಡ್ತದ. ಅಕಿದು ಎಂಟು ತಾಸಿನ ಮ್ಯಾಲ ಅದ. ಮೊದಲಿಗಿ ಎಂಬತ್ತು ನಿಮಿಷಕ್ಕ ಇಳಸ್ಲಿಕ್ಕೆ ಕುಂತಿದ್ದೆ..." ಅವನು ಪರದೆಯ ಕಡೆ ಕೈ ತೋರಿಸಿದ. "ಯಾವ ಅಳು ತಗೀಲಿ ಹೇಳು? ಮಲಗಿ ಉಸಿರಾಡಿದ್ದೂ ತಗೀಲಿಕ್ಕೆ ಆಗಲಿಲ್ಲ."

"ಆರೇಳು ಡಿಸ್ಕ್ ಮಾಡಬೇಕಿತ್ರಿ."

"ಅಕಿನ್ನ ತುಂಡು ಮಾಡಿದಂಗ ಅನಿಸ್ತು."

ಅಷ್ಟು ಅಂದವನೇ ಮೇಜಿಗೆ ಹಣೆ ಹಚ್ಚಿದ. ಅಂದು ಬರಬೇಕಿದ್ದ ಅಳು ಈಗ ಬಂತು. ಬರಲಿ. ಗಂಡಸು ಅಂಗಡಿಯಲ್ಲಿ ಕೂತು ಅತ್ತರೆ ಯಾರ ಮಾನವೂ ಹೋಗುವುದಿಲ್ಲ.

ಖಾದರ ಸದ್ದಿಲ್ಲದೆ ಶಟರ್ ಅರ್ಧಕ್ಕೆ ಎಳೆದ.

ಕರುಣಾ ಗಂಡನ ತಲೆಯ ಮೇಲೆ ಕೈಯಿಟ್ಟಳು. ಎಂಥ ತಪ್ಪು ತಿಳಕೊಂಡೆ ನಾನು...

"ಅವತ್ತೇ ಅತ್ತಿದ್ರ ನಾ ಯಾಕ ಬಿಟ್ಟು ಹೋಗ್ತಿದ್ದೆ?"

"ನಾನೂ ಅತ್ರ ನಿನ್ನ ಯಾರು ಹಿಡೀತಿದ್ರು?"

ಕಂಪ್ಯೂಟರಿನಲ್ಲಿ ಮಗಳು ಏನೋ ತೊದಲುತ್ತಿದ್ದಳು. ಇಬ್ಬರೂ ಕಿವಿಗೊಟ್ಟರು. ಬಹಳ ಹೊತ್ತಿನ ಮೇಲೆ ಅವನು ಕಣ್ಣೊರೆಸಿಕೊಂಡು ಮೌಸಿಗೆ ಕೈ ಹಾಕಿದ.

"ಬಂದ್ ಮಾಡ್ಲೇನು? ಎಕಂಬಾ ಬಸ್ಸಿಗಿ ಹೊತ್ತಾತು."

ಅವಳು ಅವನ ಕೈ ಹಿಡಿದು ತಡೆದಳು.

"ಬಸ್ ಹೋಗ್ಲಿ ಬಿಡ್ರಿ. ಅಕಿ ಇನ್ನಾ ಮಲಗಿಲ್ಲ."