ನವಿಲು ಕತ್ತಿನ ಬಣ್ಣ

ಕಟಿಂಗ್ ಮಷೀನಿನ ಬ್ಲೇಡ್ ಕೆಳಗೆ ಜಹೀರ್ ಅಹಮದ್ ಸಾಹೇಬರ ಬಲಗೈ ಇತ್ತು.

ಹ್ಯಾಂಡಲ್ ಹಿಡಿದಿದ್ದವನು ನವೀನ್ ಕುಮಾರ್. ಎತ್ತಿನಂಥ ಕುತ್ತಿಗೆ, ಮಗುವಿನಂಥ ನಗು.

ನಾನು ಪೇಪರ್ ಬಂಡಲ್‌ಗಳ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಉಸಿರು ಬಿಟ್ಟರೂ ಕೇಳಿಸುತ್ತೆ... ಅಷ್ಟು ಹತ್ತಿರ!

ನನ್ನ ಹೆಸರು ಲೋಹಿತಾ. ಮಧುಗಿರಿಯವಳು. ಔಷಧಿ ಕಂಪನಿಗಳಿಗೆ ನಕಲಿ ಮಾಲು ಹುಡುಕಿಕೊಡೋದು ನನ್ನ ಕಸುಬು. ನಗಬೇಡಿ. ಐದು ವರ್ಷದಲ್ಲಿ ಎರಡು ಸಲ ಕೈ ಮುರಿದಿದೆ. ಒಂದು ಸಲ ಮಾತ್ರ ನಂದು!

ತೋವಿನಕೆರೆಯ ಈಶ್ವರಮ್ಮ ಫಿಟ್ಸ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಆದರೂ ಫಿಟ್ಸ್ ಬಂತು. ಉರಿಯೋ ಒಲೆ ಮೇಲೆ ಬಿದ್ದಳು. ಎದ್ದೇಳಲಿಲ್ಲ.

ಮಾತ್ರೆಯಲ್ಲಿ ಇದ್ದದ್ದು ಬರೀ ಸೀಮೆಸುಣ್ಣ.

ಆ ನಕಲಿ ಡಬ್ಬದ ಬಣ್ಣ ಮಾಸಲಾಗಿತ್ತು. ಅಂಗಡಿಯವರಿಗೆ ಅನುಮಾನ ಬಂತು. ಇನ್ನು ಈ ಕಳ್ಳರು ಒಳ್ಳೇ ಪ್ರಿಂಟರ್ ಹುಡುಕ್ತಾರೆ ಅಂತ ನನಗೆ ಗೊತ್ತಿತ್ತು. ಶಿರಾದಲ್ಲಿ ಬಣ್ಣ ಅಂದರೆ ಜಹೀರ್ ಸಾಹೇಬರು. ವಿಚಾರಿಸೋಕೆ ಅವರ ಪ್ರೆಸ್ಸಿಗೆ ಬಂದಿದ್ದೆ. ಹತ್ತು ನಿಮಿಷದಲ್ಲಿ ಬಾಗಿಲಿಗೆ ವ್ಯಾನ್ ಬಂತು. ಸಾಹೇಬರೇ ನನ್ನನ್ನು ಬಂಡಲ್ ಹಿಂದೆ ತಳ್ಳಿದರು.

ಪ್ರಭುದೇವ್ ಒಳಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಮಧುಗಿರಿಯ ಮೆಡಿಸಿನ್ ಏಜೆಂಟು. ಆಳು ನವೀನ್ ಕೈಲಿ ಶಟರ್ ಎಳೆಸಿದ. ನಡುಮಧ್ಯಾಹ್ನ... ಒಳಗೆ ಟ್ಯೂಬ್‌ಲೈಟ್ ಮಾತ್ರ.

ಅಸಲಿ ಡಬ್ಬ ಟೇಬಲ್ ಮೇಲಿಟ್ಟ. ನವಿಲು ಕತ್ತಿನ ಬಣ್ಣ.

"ಸಾಬ್ರೇ, ಇದೇ ಬಣ್ಣ ಬೇಕು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗ್ಬಾರ್ದು."

"ಇಂಥ ಕೆಲ್ಸ ನಾನು ಮಾಡಲ್ಲ."

ಪ್ರಭುದೇವ್ ಸನ್ನೆಗೆ ನವೀನ್ ಅವರ ಬಲಗೈಯನ್ನು ಬ್ಲೇಡ್ ಕೆಳಗಿಟ್ಟ.

"ನಿಮ್ಮ ಮಗಳು ಸಾದಿಯಾ ಎಂಟೂವರೆ ಬಸ್ಸಿಗೆ ಹೋಗ್ತಾಳೆ ಅಲ್ವಾ? ಕಿಟಕಿ ಪಕ್ಕಾನೇ ಕೂರ್ತಾಳೆ..."

ಸಾಹೇಬರು ಕಣ್ಣು ಮುಚ್ಚಿದರು.

"ಕೈ ಬುಡಪ್ಪ. ಕೈಯಿಲ್ದೆ ಬಣ್ಣ ಹೆಂಗೆ ಕಲಸ್ಲಿ?"

ಗಾಜಿನ ಮೇಲೆ ಇಂಕು ಕಲಸಿದರು. ನೀಲಿ, ಹಸಿರು, ಇನ್ನೇನೋ ಒಂದು ಚಿಟಿಕೆ. ಬೆರಳಲ್ಲಿ ಕಾರ್ಡಿಗೆ ಒತ್ತಿ ಡಬ್ಬದ ಪಕ್ಕ ಹಿಡಿದರು. ತಲೆ ಅಲ್ಲಾಡಿಸಿದರು. ಮತ್ತೆ ಕಲಸಿದರು. ಏಳನೇ ಸಲಕ್ಕೆ ಪ್ರಭುದೇವ್ ಬಗ್ಗಿ ನೋಡಿದ. ಟ್ಯೂಬ್‌ಲೈಟ್ ಕೆಳಗೆ ಎರಡಕ್ಕೂ ವ್ಯತ್ಯಾಸವೇ ಇಲ್ಲ!

"ಸೂಪರ್!"

ಮೂರು ಗಂಟೆ ಮಷೀನ್ ಓಡಿತು. ನನ್ನ ಕಾಲು ಜೋಮು ಹಿಡಿದು ಸತ್ತೇಹೋಗಿತ್ತು. ಬಂಡಲ್‌ಗಳನ್ನು ಸಾಹೇಬರೇ ಕಂದು ಕಾಗದದಲ್ಲಿ ಬಿಗಿಯಾಗಿ ಸುತ್ತಿದರು.

"ಬಿಸ್ಲಲ್ಲಿ ಬಿಚ್ಬೇಡಿ. ಇಂಕು ಹಸಿ ಐತೆ."

ವ್ಯಾನ್ ಹೊರಟಿತು. ನಾನು ಎದ್ದು ಬಂದೆ. ಕೋಪ ನೆತ್ತಿಗೇರಿತ್ತು.

"ಏನ್ ಸಾಹೇಬ್ರೇ! ಅಷ್ಟು ಕರೆಕ್ಟಾಗಿ ಮಾಡ್ಕೊಟ್ರಾ?"

ಅವರು ಗಾಜಿನ ಮೇಲಿನ ಇಂಕು ಒರೆಸಿದರು. "ಬೇಟಿ... ಟ್ಯೂಬ್‌ಲೈಟಲ್ಲಿ ಅದು ಒಂದೇ ಬಣ್ಣ. ಬಿಸಿಲಿಗೆ ತಗೊಂಡೋಗು, ನೇರಳೆಗೆ ತಿರುಗುತ್ತೆ. ಅಸಲಿ ತಿರುಗಲ್ಲ. ಇಂಕಿನ ಹಿಕ್ಮತ್, ಕೈಚಳಕ ಅದು."

ಸ್ಕೂಟರ್ ಹತ್ತಿದೆ. ಬರಗೂರು ರೋಡಲ್ಲಿ ವ್ಯಾನ್ ಸಿಕ್ಕಿತು. ಬರಗೂರಿನ ಆಚೆ, ಕಿಟಕಿಯಿಲ್ಲದ ಒಂದು ಗೋಡೌನ್ ಕಡೆ ತಿರುಗುವಾಗ... ಗಕ್ಕನೆ ನಿಂತಿತು!

ನವೀನ್ ಇಳಿದು ಬಂದ.

"ಏನ್ ಮೇಡಂ, ಪೆಟ್ರೋಲ್ ಖಾಲಿನಾ?"

"ಹೂಂ ಕಣಪ್ಪ."

ನಂಬರ್ ಪ್ಲೇಟ್ ನೋಡಿದ. ಮೆಲ್ಲಗೆ ನಕ್ಕ. "ಬಿಸ್ಲು ಜೋರೈತೆ. ಮನೆಗೋಗಿ. ಮನೆ ಇದ್ರೆ."

ಎರಡು ದಿನ ಬಿಟ್ಟು ಡ್ರಗ್ ಇನ್ಸ್‌ಪೆಕ್ಟರ್ ನಾಗಭೂಷಣ್ ಜೊತೆ ಅದೇ ಗೋಡೌನಿಗೆ ನುಗ್ಗಿದೆ. ಇಬ್ಬರು ಪೊಲೀಸರು. ಟ್ಯೂಬ್‌ಲೈಟ್ ಕೆಳಗೆ ಗೋಡೆಯೆತ್ತರ ಮಾತ್ರೆ ಡಬ್ಬ.

ಪ್ರಭುದೇವ್ ಗಾಬರಿಯಾಗಲಿಲ್ಲ. "ಎಲ್ಲಾ ಅಸಲಿ ಸಾರ್. ಬಿಲ್ ಇದೆ."

ನಾಗಭೂಷಣ್ ನಾನು ತಂದಿದ್ದ ಅಸಲಿ ಡಬ್ಬ ಪಕ್ಕಕ್ಕೆ ಹಿಡಿದರು. "ಎರಡೂ ಒಂದೇ ಥರ ಇದೆಯಲ್ಲಮ್ಮ? ಲ್ಯಾಬಿಗೆ ಕಳಿಸ್ತೀನಿ. ರಿಪೋರ್ಟಿಗೆ ತಿಂಗಳಾಗುತ್ತೆ."

ತಿಂಗಳು! ಅಷ್ಟರಲ್ಲಿ ಈ ಮಾಲು ಪಾವಗಡದವರೆಗೂ ಜನರ ಹೊಟ್ಟೆ ಸೇರಿರುತ್ತೆ!

"ಹೊರಗೆ ಬನ್ನಿ ಸಾರ್. ಬಿಸಿಲಲ್ಲಿ ನೋಡಿ."

ಬಾಗಿಲಿಗೆ ನವೀನ್ ಅಡ್ಡ ಬಂದ. ಬೆನ್ನ ಹಿಂದಿನಿಂದ ಮಚ್ಚು ಹೊರಬಂತು.

"ಪೆಟ್ರೋಲ್ ಸಿಕ್ತಾ ಮೇಡಂ?"

ಮಚ್ಚು ಬೀಸಿದ. ಬಗ್ಗಿದೆ. ಭುಜ ಚುರ್ರೆಂದಿತು... ಬಿಸಿ ರಕ್ತ! ಕೈಗೆ ಸಿಕ್ಕಷ್ಟು ಡಬ್ಬ ಬಾಚಿ, ನಾಗಭೂಷಣ್ ಕೈಲಿದ್ದ ಅಸಲಿಯನ್ನೂ ಕಸಿದು, ಅವನ ತಲೆ ಮೇಲಿಂದ ಅಂಗಳಕ್ಕೆ ಎಸೆದೆ.

ಪೊಲೀಸರು ಅವನ ಮೇಲೆ ಬಿದ್ದರು. ನಾಗಭೂಷಣ್ ಹೊರಗೋಡಿದರು. ಅಲ್ಲೇ ನಿಂತುಬಿಟ್ಟರು.

ಬಿಸಿಲಲ್ಲಿ ಒಂದು ಡಬ್ಬ ನವಿಲು ಕತ್ತು. ಉಳಿದವೆಲ್ಲ ನೇರಳೆ!

"ಗೋಡೌನ್ ಸೀಲ್ ಮಾಡ್ರೀ!"

ಸಂಜೆ ಸ್ಟೇಷನ್ನಿಗೆ ಹೋದೆ. ಭುಜಕ್ಕೆ ಒಂಬತ್ತು ಹೊಲಿಗೆ. ಜಹೀರ್ ಸಾಹೇಬರನ್ನೂ ಕರೆತಂದಿದ್ದರು. ಪ್ರಿಂಟ್ ಮಾಡಿದ್ದು ಅವರೇ ತಾನೆ? ಎಫ್ಐಆರಿನಲ್ಲಿ ಅವರದ್ದೂ ಹೆಸರು. ನಾನು ಕೂಗಾಡಿದೆ. ಸಾಹೇಬರು ಕೈಯೆತ್ತಿ ತಡೆದರು.

"ಇರ್ಲಿ ಬೇಟಿ. ಸಾದಿಯಾ ನೆಮ್ಮದಿಯಾಗಿ ಬಸ್ ಹತ್ತಲಿ, ಸಾಕು."

ಒಂದೇ ಬೆಂಚು. ಆ ತುದಿಯಲ್ಲಿ ಪ್ರಭುದೇವ್ ಹಲ್ಲು ಕಡಿದ. "ಬಣ್ಣದಲ್ಲಿ ಮೋಸ ಮಾಡ್ಬುಟ್ಯಲ್ಲೋ ಸಾಬೀ!"

ಸಾಹೇಬರು ಉಗುರಿನ ಸಂದಿಯ ಇಂಕು ಕೆರೆಯುತ್ತಾ ಹೇಳಿದರು:

"ಯಾವ ಬೆಳಕಲ್ಲಿ ಮ್ಯಾಚ್ ಆಗ್ಬೇಕು ಅಂತ ಕಸ್ಟಮರ್ ಹೇಳ್ಬೇಕು. ನೀವು ಹೇಳ್ಲೇ ಇಲ್ಲ!"